ಡಬ್ಬಿ ತೆಗೆಯುವ ಮುಂಚಿನ ಮಾತು

ಪರದೇಶದ ಹ್ಯಾರಿಸ್ ಪಾರ್ಕ್ ಬಡಾವಣೆಯ ಕುರುಕಲು ತಿಂಡಿಯಂಗಡಿಯ ಸರತಿ ಸಾಲಿನಲ್ಲಿ ಗೌರಕ್ಕ ಊರುಗೋಲು ಹಿಡಿದು ನಿಂತಿದ್ದಳು. ಮುಂದಿದ್ದ ಇಬ್ಬರು ಹೆಂಗಸರು ಕನ್ನಡದಲ್ಲಿ ಬಾಯಿ ತೆರೆದದ್ದೇ ತಡ, ಅವಳ ಕಿವಿ ನೆಟ್ಟಗಾಯಿತು.

"ಅನಘಾ, ನನ್ನ ರಿಸರ್ಚ್ ರಿಪೋರ್ಟ್ ಓದಿದ್ಯೇನು? ಆಸ್ಪತ್ರಿಯಿಂದ ಮನಿಗೆ ಹೋದವ್ರನ್ನ ನರ್ಸ್ ಹೋಗಿ ನೋಡ್ಕೊಂಡ್ರ, ಅವ್ರು ತಿರುಗಿ ಅಡ್ಮಿಟ್ ಆಗೋದು ಕಡಿಮಿ ಆಗ್ತದ."

"ಸುಳ್ಳು ಯಾಕೆ ಹೇಳ್ಲಿ ಮಹಾಶ್ವೇತಾ, ನಮ್ಮ ಡಿಪಾರ್ಟ್‌ಮೆಂಟಲ್ಲಿ ಯಾರೂ ಓದಿಲ್ಲ. ಇಮೇಲಲ್ಲೇ ಬಿದ್ದಿದೆ."

"ಆ ನರ್ಸ್ ಸ್ಕೀಮ್ ಇರಬೇಕೋ ಬ್ಯಾಡೋ ಅಂತ ಮಂಗಳವಾರ ತೀರ್ಮಾನ ಮಾಡೋರು ನೀವೇ ಅಲ್ಲೇನು?"

"ಹೂಂ. ನೀವೂ ನಾವೂ ಒಂದೇ ಬಿಲ್ಡಿಂಗಲ್ಲಿದ್ದಾಗ ಎಷ್ಟು ಚೆನ್ನಾಗಿತ್ತು ಕಣೇ! ಶುಕ್ರವಾರ ನೀನು ಚಕ್ಕುಲಿ ಡಬ್ಬಿ ತರ್ತಿದ್ದೆ. ನಮ್ಮ ಡೈರೆಕ್ಟರ್ ಕೂಡ ಮೆಟ್ಟಿಲಿಳಿದು ಬರ್ತಿದ್ರು."

"ನಾ ಮುಚ್ಚಳದ ಮ್ಯಾಲೆ ಕೈ ಇಟ್ಕೊಂಡು, ಆ ವಾರ ರಿಸರ್ಚ್‌ನ್ಯಾಗ ಏನು ಗೊತ್ತಾತು ಅಂತ ಹೇಳಿದ ಮ್ಯಾಲೇ ತೆಗೀತಿದ್ದೆ."

"ಆವಾಗ್ಲೂ ನಿನ್ನ ಒಂದು ರಿಪೋರ್ಟೂ ನಾವು ಓದ್ತಿರ್ಲಿಲ್ಲ. ಆದ್ರೆ ಎಲ್ಲಾ ಗೊತ್ತಿರ್ತಿತ್ತು."

ಮಹಾಶ್ವೇತಾ ಅಂಗಡಿಯ ಗಾಜಿನ ಹಿಂದಿದ್ದ ಚಕ್ಕುಲಿ ತಟ್ಟೆಯತ್ತ ನೋಡಿದಳು.

"ಮಂಗಳವಾರ ಮೀಟಿಂಗಿಗೆ ನನ್ನ ಒಳಗ ಬಿಡ್ತಾರೇನು?"

"ಡಬ್ಬಿ ನೋಡಿದ್ರೆ ಡೈರೆಕ್ಟರೇ ಬಂದು ಬಾಗಿಲು ತೆಗೀತಾರೆ."

ತಟ್ಟೆಯಲ್ಲಿದ್ದ ಚಕ್ಕುಲಿಯನ್ನೆಲ್ಲ ಮಹಾಶ್ವೇತಾ ಕಟ್ಟಿಸಿಕೊಂಡಳು. ಆಮೇಲೆ ಹಿಂದೆ ತಿರುಗಿ ನೋಡಿ ನಾಲಿಗೆ ಕಚ್ಚಿಕೊಂಡಳು.

"ಸಾರಿ ಆಂಟಿ, ನಿಮಗೊಂದೂ ಉಳೀಲಿಲ್ಲ."

ಮಂಡಿ ಆಪರೇಷನ್ ಆದಾಗಿನಿಂದ ಗೌರಕ್ಕನ ಮನೆಗೂ ವಾರಕ್ಕೊಮ್ಮೆ ನರ್ಸ್ ಬರುತ್ತಿದ್ದಳು.

"ಒಯ್ಯವಾ, ಎಲ್ಲಾ ಒಯ್ಯಿ," ಎಂದಳು ಗೌರಕ್ಕ. ಅವರಿಬ್ಬರೂ ಬಾಗಿಲು ದಾಟುವಾಗ ಮತ್ತೆ ಕೂಗಿದಳು: "ಹೇಳಿ ಮುಗಿಸೂತನಕ ಮಾತ್ರ ಮುಚ್ಚಳ ತೆಗೀಬ್ಯಾಡ!"