ಆ ದಾರೀಲಿ ಯಾರೂ ಓಡಾಡಲ್ಲ

ಸ್ವಲ್ಪ ಬಾಗಿಲು ಮುಂದಕ್ಕೆ ಎಳಿ ಭಾನು… ಮೆಲ್ಲಗೆ ಹೇಳ್ತೀನಿ, ನಿನ್ನ ಹೊಟ್ಟೇಲೇ ಇಟ್ಕೋಬೇಕು. ನಿಮ್ಮವ್ವಂಗೂ ಹೇಳಕೂಡ್ದು. ಈ ಅಜ್ಜಿ ಮೇಲೆ ಆಣೆ ಇಡು. ಹ್ಞೂಂ.

ಕೆರೆಗೆ ಬೇಲಿ ಯಾಕೆ ಬಿತ್ತು ಅಂದ್ಯಲ್ಲ? ಎಲ್ಲಾ ಈ ಪಕ್ಕದ್ಮನೆ ಮರಿತಾಯಮ್ಮನಿಂದ ಕಣಮ್ಮಿ! ಯಾಕೆ ನಗ್ತೀಯ? ನೀನು ಬದನಗುಪ್ಪೆ ಫ್ಯಾಕ್ಟರಿ ಸೇರಿ ಎರಡು ವರ್ಷಾಯ್ತು, ಇಲ್ಲೀದು ನಿಂಗೇನು ಗೊತ್ತು? ನಮ್ಮೂರು ಈಗ ಊರಲ್ಲ, ಪ್ಯಾಟೆ. ಕೆರೆ ಸುತ್ತ ಒಂಬತ್ತು ರೆಸಾರ್ಟು! ಶನಿವಾರ ಬಂತು ಅಂದ್ರೆ ಕೇರಳದ ಕಾರುಗಳು ಗುಂಡ್ಲುಪೇಟೆ ರಸ್ತೆಗಂಟ ನಿಂತಿರ್ತವೆ. ದೋಣಿಯಂತೆ, ಕೆರೆ ಪಕ್ಕದಲ್ಲೇ ಈಜುಕೊಳವಂತೆ! ಅಷ್ಟು ನೀರು ಕಣ್ಮುಂದೆ ಇಟ್ಕೊಂಡು ತೊಟ್ಟೀಲಿ ಮುಳುಗ್ತವೆ, ಥೂ… ಹೆಂಗಸ್ರು ಚಡ್ಡೀಲಿ… ನಾನೇನು ನೋಡಕ್ಕೋಗಿಲ್ಲ, ಹಿತ್ತಿಲಿಂದ ಕಾಣ್ತದೆ.

ನಮ್ಗೆ ಮಾತ್ರ ಒಂದು ಬಿಂದಿಗೆ ಅದ್ದೋ ಹಂಗಿಲ್ಲ. ಹಿಂದೆ ರೆಸಾರ್ಟಿನವ್ರ ತಂತಿ ಬೇಲಿ, ಮುಂದೆ ಕಾಡಂಚಿನ ಆನೆ ಕಂದಕ. ಬಟ್ಟೆ ಒಗೆಯಕ್ಕೆ, ದನ ಇಳಿಸಕ್ಕೆ ಎರಡು ಮೈಲಿ ಸುತ್ತು. ನಮ್ಮ ಬೀದಿ ಹೆಂಗಸ್ರೆಲ್ಲ ದೊಡ್ಡೀಲಿ ಕೂಡಾಕಿದ ಕುರಿ ಹಂಗಾಗಿದ್ದೀವಿ.

ಮರಿತಾಯಮ್ಮ ಏನು ಮಾಡಿದ್ಲಾ? ದಿನಾ ಸಂಜೆ, ಈಗ ಬೇಲಿ ಬಿದ್ದಿರೋ ಆ ಹಿತ್ತಿಲ ದಾರೀಲೇ ಕೆರೆಗೆ ಯಾಕೆ ಹೋಯ್ತಿದ್ಲು? ಅಲ್ಲೇ ಆ ಮಹದೇವಪ್ಪನ ಪಂಪ್‌ಸೆಟ್ಟು… ಸರಿ ಬುಡು, ನಾನ್ಯಾಕೆ ಬಾಯಿ ಕೆಡಿಸ್ಕೊಳ್ಳಲಿ.

ಮೊಬೈಲಲ್ಲಿ ಏನದು? ಓ… ಆ ದಾರಿ ಸರ್ವೆ ಮಾಡಿದ್ದ ಪೇಪರಾ? ಚಾಮರಾಜನಗರದ ಆಫೀಸಿಂದ ತೆಗೆಸಿದ್ದಾ? ಓದು, ಓದು… ಕೆಳಗೆ ಏನು ಬೆರಳಿಟ್ಟು ತೋರಿಸ್ತೀಯ? ಕೆಳಗಿರೋದು ಹೆಬ್ಬೆಟ್ಟು. ಹೆಬ್ಬೆಟ್ಟು ಎಲ್ಲಾರ್ದೂ ಒಂದೇ ಥರ ಇರ್ತದೆ… ಪಕ್ಕದಲ್ಲಿ ಹೆಸರೂ ಬರ್ದವ್ರಾ?

ಹಂಗೆ ನೋಡ್ಬೇಡ ಕೂಸೇ. ಬೇಲಿ ಹಾಕೋಕ್ಮುಂಚೆ ಸರ್ವೆಯವ್ರು ಬಂದ್ರು. ಕುರ್ಚಿ ಹಾಕಿ ಕೂರ್ಸಿ, 'ಈ ದಾರೀಲಿ ಜನ ಓಡಾಡ್ತಾರಾ ಅಜ್ಜಿ' ಅಂದ್ರು. ನನ್ನ ಯಾರು ಕುರ್ಚಿ ಹಾಕಿ ಕೇಳ್ತಾರೆ, ನೀನೇ ಹೇಳು! 'ಮಾನವಂತ್ರು ಯಾರೂ ತುಳಿಯಲ್ಲ ಸ್ವಾಮಿ, ಆ ಮರಿತಾಯಿ ಒಬ್ಳು ಬುಟ್ರೆ' ಅಂದ್ಬುಟ್ಟೆ. ಅವ್ರು 'ಯಾರೂ ಓಡಾಡಲ್ಲ' ಅಂತ ಬರ್ಕೊಂಡು, ನನ್ನ ಹೆಬ್ಬೆಟ್ಟು ಒತ್ತಿಸ್ಕೊಂಡ್ಬುಟ್ರು; ಅದರ ಮೇಲೇ ದಾರಿಗೆ ಬೇಲಿ ಬಿತ್ತು. ನಾನೂ ಅದೇ ದಾರೀಲಿ… ನಲವತ್ತು ವರ್ಷ…

ಬೈಯಂಗಿದ್ರೆ ಬೈಯಿ.

ಬೆಳಿಗ್ಗೆ ಆ ಮರಿತಾಯಿನೇ ಬಂದಿದ್ಲು. 'ಸೋಮವಾರ ಆಫೀಸಿಗೆ ಬಂದು, ನೀನು ಸರ್ವೆಯವ್ರಿಗೆ ಹೇಳಿದ್ದು ಸುಳ್ಳು ಅಂತ ಒಪ್ಕೋ ಅಕ್ಕ, ದಾರಿ ಬುಡಿಸ್ಕೊಳನ' ಅಂದ್ಲು. ಅದೆಂಗೆ ಅನ್ನಲಿ? ಇದು ಸುಳ್ಳು ಅಂದ್ರೆ, ಇಷ್ಟು ವರ್ಷ ನಾನು ಆಡಿದ್ದೆಲ್ಲ ಸುಳ್ಳಾಗ್ಬುಡ್ತದೆ, ಆಮೇಲೆ ಊರಲ್ಲಿ ನನ್ನ ಮಾತು ಯಾರು ನಂಬ್ತಾರೆ ಅಂದೆ. ಅವಳು ಕೋಪಾನೂ ಮಾಡ್ಕೊಳ್ನಿಲ್ಲ ಭಾನು. ಮುಖ ನೋಡ್ಕೊಂಡೇ ಅಂದ್ಲು:

'ಅಕ್ಕಾ, ನನ್ನ ಮೇಲೆ ನೀನು ಹೇಳಿದ್ದನ್ನ ಈ ಊರಲ್ಲಿ ಒಬ್ರೂ ಯಾವತ್ತೂ ನಂಬ್ನಿಲ್ಲ. ನಂಬಿದವ್ನು ಆ ಸರ್ವೆಯವನೊಬ್ನೇ, ಬರ್ಕೊಂಡು ಹೋದವ್ನು.'