ಇನ್ನೂ ಮಂಗಳವಾರ

ಚಿಕ್ಕಲಸಂದ್ರದ ಒಂದು ಒಳರಸ್ತೆಯಲ್ಲಿ, ಆಲದ ಮರದ ಬುಡದಲ್ಲಿ, ಹಳೇ ಬಾವಿಯೊಂದಿದೆ. ಮೇಲೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಹಗಲು ಹೊತ್ತು ಅದರ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸುತ್ತಾರೆ, ಯಾರೂ ಅತ್ತ ತಿರುಗಿಯೂ ನೋಡುವುದಿಲ್ಲ. ನಮ್ಮ ಚಿಕ್ಕಮ್ಮನ ಮಗಳು ವನಿತಾ ಮಾತ್ರ ಈಗ ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಾಳೆ. ಯಾಕೆ ಅಂತ ಹೇಳ್ತೀನಿ, ಕೇಳಿ. ದೀಪ ಆರಿಸಬೇಡಿ.

ಅವತ್ತು ರಾತ್ರಿ ಅವಳು ಆ ಬಾವಿ ಹತ್ತಿರ ಬಂದಾಗ ಬೀದಿಯೆಲ್ಲ ಮಲಗಿತ್ತು. ವನಿತಾ ಅಲ್ಲೇ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನರ್ಸು. ಮುಂದಿನ ಪಾಳಿಗೆ ಬರಬೇಕಾದ ನರ್ಸು ಸಂಗೀತಾ ತುಂಬಾ ತಡವಾಗಿ ಬಂದಿದ್ದಳು. ಅದೂ ಡಬಲ್ ಡ್ಯೂಟಿಯ ದಿನ. ಕಾಲು ತಾನಾಗಿ ನಡೆಯುತ್ತಿತ್ತು, ತಲೆಯಲ್ಲಿ ಏನೂ ಇರಲಿಲ್ಲ.

ಹೊರಡುವ ಮುಂಚೆ ಕೊನೇ ಕೆಲಸ, ರುದ್ರಮ್ಮನದು. ಇದೇ ಊರಿನ ಮುದುಕಿ, ಜ್ವರ ಅಂತ ಸೇರಿದ್ದಳು. ಡ್ರಿಪ್ ಹಾಕಿದ ಕೈಯನ್ನು ಎಳೆದೆಳೆದು ಎದೆ ಮೇಲೆ ಇಟ್ಟುಕೊಳ್ಳುತ್ತಿದ್ದಳು. ವಯಸ್ಸಾದವರು ಹೀಗೆ ಮಾಡಿದರೆ ಬುದ್ಧಿ ಸ್ಥಿಮಿತದಲ್ಲಿದೆಯಾ ಅಂತ ನೋಡಬೇಕು. ಅದಕ್ಕೆ ಕೇಳುವ ಪ್ರಶ್ನೆಗಳು ವನಿತಾಗೆ ಬಾಯಿಪಾಠ.

"ಅಜ್ಜಿ, ನಿಮ್ಮ ಹೆಸರೇನು?"

"ರುದ್ರಮ್ಮ."

"ಎಲ್ಲಿದ್ದೀರ?"

"ಆಸ್ಪತ್ರೇಲಿ. ಎದೆ ಹಿಂಡ್ತೈತೆ ಕಣವ್ವ..."

"ಇವತ್ತು ಯಾವ ವಾರ?"

"ಮಂಗಳವಾರ."

ವನಿತಾ ಗೋಡೆ ಗಡಿಯಾರ ನೋಡಿದಳು. ಹನ್ನೆರಡು ದಾಟಿತ್ತು. ಅಂದರೆ ಬುಧವಾರ. ತಪ್ಪು.

ಡಾಕ್ಟರಿಗೆ ಫೋನ್ ಮಾಡಿ, "ಪೇಷಂಟ್ ಕನ್‌ಫ್ಯೂಸ್ ಆಗಿದ್ದಾರೆ ಸಾರ್, ಡ್ರಿಪ್ ಕೀಳ್ತಿದ್ದಾರೆ" ಅಂದಳು. ಎದೆಯ ಮಾತು ಹೇಳಲಿಲ್ಲ. ಯಾವ ವಾರ ಅಂತಲೇ ಗೊತ್ತಿಲ್ಲದವಳ ಮಾತನ್ನು ಏನಂತ ಹೇಳುವುದು? ಕೈ ಕಟ್ಟಿ, ಬೆಳಿಗ್ಗೆ ನೋಡೋಣ ಅಂದರು ಡಾಕ್ಟರು. ಪರ್ರ್... ಅಂತ ಬ್ಯಾಂಡೇಜ್ ಬಟ್ಟೆ ಹರಿದು ಎರಡೂ ಕೈಯನ್ನು ಮಂಚದ ಕಂಬಿಗೆ ಕಟ್ಟಿದಳು. ರಕ್ತ ಓಡಾಡಲಿ ಅಂತ ಕಟ್ಟಿನೊಳಗೆ ಎರಡು ಬೆರಳು ತೂರಿಸಿ ನೋಡಿದಳು. ಸರಿಯಾಗಿತ್ತು. ಅಯ್ಯೋ ಪಾಪ ಅಂತ ಕೂಡ ಅನಿಸಲಿಲ್ಲ ಅವಳಿಗೆ.

ಬಾವಿ ಹತ್ತಿರ ಅವಳ ಚಪ್ಪಲಿ ಚಟ್... ಚಟ್... ಅನ್ನುತ್ತಿತ್ತು. ಜಾಲರಿಯ ಕೆಳಗೆಲ್ಲೋ ಒಂದು ಹನಿ ಬಿತ್ತು. ಟಪ್. ಆಮೇಲೆ ಬೆನ್ನ ಹಿಂದೆ...

ಪರ್ರ್...

ನಿಂತಳು. ತಿರುಗಲಿಲ್ಲ.

"ನಿನ್ ಹೆಸರೇನವ್ವ?" ಪಿಸುದನಿ.

"ವನಿತಾ." ಹೆದರುವುದಕ್ಕೂ ಮೈಯಲ್ಲಿ ಶಕ್ತಿ ಬೇಕಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ.

"ಎಲ್ಲಿದ್ದೀಯ?"

"ಬಾವಿ ಹತ್ರ."

"ಇವತ್ತು ಯಾವ ವಾರ?"

"ಬುಧವಾರ."

ಎಲೆ ಕೂಡ ಅಲ್ಲಾಡಲಿಲ್ಲ.

"ಇನ್ನೂ ಬೆಳಕೇ ಹರಿದಿಲ್ವಲ್ಲವ್ವ..."

ಆಗ ಹೊಳೆಯಿತು. ವನಿತಾಳ ಅಜ್ಜಿಯೂ ಹಾಗೇ ಎಣಿಸುತ್ತಿದ್ದಳು. ಹೊತ್ತು ಹುಟ್ಟುವವರೆಗೂ ಹಿಂದಿನ ವಾರವೇ. ರುದ್ರಮ್ಮ ಹೇಳಿದ್ದು ಸರಿಯಾಗಿತ್ತು. ಹಾಗಾದರೆ ಎದೆ ಹಿಂಡುತ್ತಿದ್ದದ್ದೂ ನಿಜ.

ಬಂದ ದಾರಿಯಲ್ಲೇ ವಾಪಸ್ ಓಡಿದಳು.

ಮಂಚದ ಪಕ್ಕ ಸಂಗೀತಾ ನಿಂತಿದ್ದಳು. "ಹೋಗ್ಬಿಟ್ರು ಕಣೇ. ನೀನು ಆ ಕಡೆ ಹೋದೆ, ಈ ಕಡೆ... ಹಾರ್ಟು ಅನ್ಸುತ್ತೆ."

ರುದ್ರಮ್ಮನ ಎಡಗೈ ಕಂಬಿಗೆ ಕಟ್ಟಿದ ಹಾಗೇ ಇತ್ತು. ಬಲಗೈ ಮಾತ್ರ ಎದೆಯ ಮೇಲಿತ್ತು.

"ಇದನ್ನ ನೀನು ಬಿಚ್ಚಿದ್ಯಾ?"

"ಇಲ್ವಲ್ಲ, ನಾನು ಮುಟ್ಟೇ ಇಲ್ಲ." ಸಂಗೀತಾಳ ದನಿ ಇಳಿಯಿತು. "ವನಿತಾ... ನಿನ್ನ ಕೈಯಲ್ಲಿ ಏನೇ ಅದು?"

ಬೆಳಕು ಹರಿಯುತ್ತಿದ್ದ ಹಾಗೇ ವನಿತಾ ಸೀದಾ ನಮ್ಮ ಮನೆಗೆ ಬಂದಳು. ಅಳಲಿಲ್ಲ. ಸುಮ್ಮನೆ ಬಲಗೈ ಚಾಚಿದಳು. ಮಣಿಕಟ್ಟಿಗೆ ಬ್ಯಾಂಡೇಜ್ ಬಟ್ಟೆ ಕಟ್ಟಿತ್ತು. ನಂಬೋದು ಬಿಡೋದು ನಿಮಗೆ ಸೇರಿದ್ದು. ಬಿಚ್ಚಿದವಳು ನಾನೇ. ಬಿಚ್ಚುವ ಮುಂಚೆ ಬೆರಳು ತೂರಿಸಿಯೂ ನೋಡಿದ್ದೀನಿ. ಸರಿಯಾಗಿ ಎರಡು ಹಿಡಿಸಿತು.