ಹದಿನೆಂಟನೇ ದಿನ ತೆಗೆದ ಐನೂರು ರೂಪಾಯಿ

ಹೆಸರು: ಗಂಗುಲಮ್ಮ, ದಿವಂಗತ ಮುನಿಶಾಮಪ್ಪನವರ ಹೆಂಡತಿ. ವಯಸ್ಸು: 57 ವರ್ಷ. ಕೆಲಸ: ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ. ವಾಸ: ದೊಡ್ಡಗುಂಟಪಲ್ಲಿ, ಕೈವಾರ ಹೋಬಳಿ, ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ.

ದಿನಾಂಕ 02-07-2025ರಂದು ಮಧ್ಯಾಹ್ನ 1-40ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಮಗ ಮುನೇಶ್ ಇಂದು ಬೆಳಿಗ್ಗೆ ಕೊಟ್ಟ ದೂರಿನಲ್ಲಿರುವ ಐನೂರು ರೂಪಾಯಿಯನ್ನು ಬ್ಯಾಂಕ್ ಖಾತೆಯಿಂದ ತೆಗೆದವಳು ನಾನು. ಅವನು ಹೆಸರು ಕೊಟ್ಟಿರುವ ಕೆಂಪರಾಜು ತೆಗೆದಿಲ್ಲ. ಇಷ್ಟನ್ನು ಬರೆದುಕೊಂಡು ಮೊದಲು ಅವನನ್ನು ಮನೆಗೆ ಕಳಿಸಿ, ಮಿಕ್ಕಿದ್ದು ಆಮೇಲೆ ಎಂದು ಕೇಳಿಕೊಂಡೆ. ಎಎಸ್‌ಐ ಶ್ಯಾಮಲಮ್ಮನವರು ಹಾಗೆಲ್ಲ ಆಗುವುದಿಲ್ಲ, ಮೊದಲಿನಿಂದ ಹೇಳಬೇಕು ಎಂದಿದ್ದರಿಂದ ಮೊದಲಿನಿಂದ ಹೇಳುತ್ತಿದ್ದೇನೆ.

ನನ್ನ ಸೊಸೆ ಸಂಘಮಿತ್ರ, 30 ವರ್ಷ, ಗೌರಿಬಿದನೂರಿನ ಆವುಲಪ್ಪ ಮೇಷ್ಟ್ರ ಮಗಳು. ಮಣ್ಣಿನ ಬಗ್ಗೆ ಸಂಶೋಧನೆ ಮಾಡಲು ಹೋದ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿಗೆ ಹೋದಳು. ಅವಳ ಖರ್ಚಿಗೆ ವಿದ್ಯಾರ್ಥಿವೇತನ ಬರುತ್ತದೆ. ಗಂಡ ಮುನೇಶ್ ಮತ್ತು ಐದು ವರ್ಷದ ಮಗು ಅಮೃತ ಅಲ್ಲಿಗೆ ಹೋಗಿ ಸೇರಬೇಕಾದರೆ, ಇವರನ್ನು ಸಾಕುವಷ್ಟು ದುಡ್ಡು ನಮ್ಮಲ್ಲಿದೆ ಎಂದು ಆ ದೇಶದವರಿಗೆ ತೋರಿಸಬೇಕು. ಕೊಡುವುದಲ್ಲ, ತೋರಿಸುವುದು. ಹದಿನಾಲ್ಕು ಲಕ್ಷದ ಹತ್ತೊಂಬತ್ತು ಸಾವಿರದ ಆರುನೂರು ರೂಪಾಯಿ ಒಂದೇ ಸಮನೆ ಇಪ್ಪತ್ತೆಂಟು ದಿನ ಖಾತೆಯಲ್ಲಿ ಕೂತಿರಬೇಕು, ಒಂದು ದಿನ ಒಂದು ರೂಪಾಯಿ ಇಳಿದರೂ ಮತ್ತೆ ಒಂದರಿಂದ ಎಣಿಸಬೇಕು ಎಂದು ಮುನೇಶ್ ನನಗೆ ತಿಳಿಸಿದ್ದ. ಹೆಂಡತಿ ಜತೆ ಗಂಡ ಇರುವುದಕ್ಕೂ ಇಂಥ ವ್ರತವೇ ಎಂದು ನಾನು ಕೇಳಿದ್ದಕ್ಕೆ ಅವನು ನಗಲಿಲ್ಲ.

ಮುನೇಶ್ ಚಿಂತಾಮಣಿಯಲ್ಲಿ ಡ್ರಿಪ್ ಪೈಪಿನ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಅವರಿಬ್ಬರ ಉಳಿತಾಯ ಮತ್ತು ಆವುಲಪ್ಪ ಮೇಷ್ಟ್ರು ಕೊಟ್ಟದ್ದು ಸೇರಿ ಎಂಟು ಲಕ್ಷದ ಇಪ್ಪತ್ತು ಸಾವಿರ ಆಯಿತು. ಮಿಕ್ಕ ಆರು ಲಕ್ಷವನ್ನು ಕೆಂಪರಾಜು ಹಾಕಿದ. ಕೆಂಪರಾಜು ನಮ್ಮ ಊರಿನವನೇ, ಮುನೇಶನ ಜತೆ ಒಂದೇ ಬೆಂಚಿನಲ್ಲಿ ಓದಿದವನು. ಈಗ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕ ಇಟ್ಟುಕೊಂಡಿದ್ದಾನೆ. ಹೊಸ ಯಂತ್ರಕ್ಕೆಂದು ಕೂಡಿಟ್ಟ ದುಡ್ಡದು. ಜುಲೈ 5ರವರೆಗೆ ನಿಮ್ಮ ಹತ್ರಾನೇ ಇರ್ಲಿ ಎಂದು ಒಂದು ಚೀಟಿಯನ್ನೂ ಬರೆಸಿಕೊಳ್ಳದೆ ಕೊಟ್ಟ. ಅದನ್ನು ಹಾಕುವಾಗ ಖಾತೆಯ ನಂಬರು ನೋಡಿಕೊಳ್ಳಲು ನಮ್ಮ ಎಟಿಎಂ ಕಾರ್ಡನ್ನು, ಗುಟ್ಟಿನ ನಂಬರಿದ್ದ ಕವರಿನ ಸಮೇತ, ಒಂದು ದಿನ ಅವನೇ ಇಟ್ಟುಕೊಂಡಿದ್ದ. ಈ ಅನುಮಾನಕ್ಕೆಲ್ಲ ಅದೊಂದೇ ಕಾರಣ.

ಜೂನ್ 3ರಂದು ಎಣಿಕೆ ಶುರುವಾಯಿತು. ಅಂದಿನಿಂದ ನನ್ನ ಮಗ ಮನುಷ್ಯನಾಗಿರಲಿಲ್ಲ. ತಟ್ಟೆಯ ಮುಂದೆ ಕೂತರೆ ಅರ್ಧಕ್ಕೆ ಏಳುತ್ತಿದ್ದ. ಬಾಗಿಲಿಂದ ಹುಣಸೆಮರದವರೆಗೆ, ಮರದಿಂದ ಬಾಗಿಲವರೆಗೆ ನಡೆಯುತ್ತಿದ್ದ. ಹೋಗಿ ಬ್ಯಾಂಕಿನಲ್ಲಿ ಒಂದು ಸಲ ನೋಡಿಕೊಂಡು ಬಾರಪ್ಪ ಎಂದರೆ, ನೋಡಿದ್ದಕ್ಕೂ ದುಡ್ಡು ಮುರಿದುಕೊಂಡರೆ ಏನು ಮಾಡುವುದು, ಇರುವುದೇ ನಾನೂರು ರೂಪಾಯಿ ಹೆಚ್ಚಿಗೆ ಎಂದು ರೇಗುತ್ತಿದ್ದ. ಆ ನಾನೂರರ ಮಾತು ಆಗ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಖಾತೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದೆ, ಆದರೆ ಬ್ಯಾಂಕಿನ ಮೆಸೇಜು ಬರುವ ನಂಬರು ಸೊಸೆಯದು. ಅವಳು ಆ ದೇಶಕ್ಕೆ ಹೋದ ಮೇಲೆ ಆ ನಂಬರು ನಿಂತುಹೋಗಿದೆ.

ಅವನ ಚಡಪಡಿಕೆ ನೋಡಿ ನನಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡ ಕೆಲಸಕ್ಕೆ ದುಡ್ಡು ಕೂಡಿಸಿದರೆ ಅದರಿಂದಲೇ ಊರ ಗಂಗಮ್ಮನಿಗೆ ಮುಡುಪು ತೆಗೆದು, ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಇಡುತ್ತೇವೆ. ಕೆಲಸ ಆದ ಮೇಲೆ ಗಂಟು ಬಿಚ್ಚಿ ಒಪ್ಪಿಸುತ್ತೇವೆ. ನನ್ನ ತಂದೆ ಎತ್ತು ಮಾರಿದಾಗಲೂ ಹಾಗೇ, ನನ್ನ ಮದುವೆಗೂ ಹಾಗೇ. ಬೇರೆ ದುಡ್ಡಿನಲ್ಲಿ ಕಟ್ಟಿದರೆ ನಡೆಯುವುದಿಲ್ಲ, ಅದೇ ದುಡ್ಡಾಗಬೇಕು. ಮೇಷ್ಟ್ರ ಮನೆಯವರು ಬುದ್ಧನನ್ನು ನಂಬಿದವರು, ಹರಕೆ ಎಂದರೆ ನಗುತ್ತಾರೆ. ಮುನೇಶನೂ ಈಗ ಅವರ ಕಡೆಯೇ. ಆದ್ದರಿಂದ ಯಾರಿಗೂ ಹೇಳಲಿಲ್ಲ.

ದಿನಾಂಕ 20-06-2025, ಶುಕ್ರವಾರ, ಎಣಿಕೆಯ ಹದಿನೆಂಟನೇ ದಿನ. ಶಾಲೆಯ ಪಾತ್ರೆ ತೊಳೆದು 2-50ಕ್ಕೆ ಹೊರಟು, ಮನೆಯಲ್ಲಿದ್ದ ಕಾರ್ಡು ಎತ್ತಿಕೊಂಡು, 3-15ರ ಬಸ್ಸು ಹಿಡಿದು, ನಾಲ್ಕು ಕಿಲೋಮೀಟರ್ ದೂರದ ಕೈವಾರದ ಎಟಿಎಂಗೆ ಹೋದೆ. ಸೀಮೆಗೊಬ್ಬರ, ಸೋಪು ತರಲು ಮುನೇಶ್ ಎಷ್ಟೋ ಸಲ ಕಾರ್ಡು ಕೊಟ್ಟು ಕಳಿಸಿದ್ದರಿಂದ ಗುಟ್ಟಿನ ನಂಬರು ನನಗೆ ಗೊತ್ತು. ಒಂದು ಸಲ ತಪ್ಪು ಒತ್ತಿದೆ. ಎರಡನೇ ಸಲ ಐನೂರರ ಒಂದು ನೋಟು ಬಂತು, ಚೀಟಿಯೂ ಬಂತು. ನೋಟಿಗೆ ಒಂದು ರೂಪಾಯಿ ನಾಣ್ಯ ಸೇರಿಸಿ, ಯಾವ ದುಡ್ಡೆಂದು ಗಂಗಮ್ಮನಿಗೂ ತಿಳಿಯಲಿ ಎಂದು ಆ ಚೀಟಿಯನ್ನೂ ಮಡಿಸಿ ಒಳಗಿಟ್ಟು ಕಟ್ಟಿದೆ. ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟೆ.

ದುಡ್ಡು ಮುಟ್ಟಬಾರದು ಎಂದು ನಿನಗೆ ಗೊತ್ತಿತ್ತೇ ಎಂದು ಶ್ಯಾಮಲಮ್ಮನವರು ಕೇಳಿದರು. ಗೊತ್ತಿತ್ತು. ಸುಳ್ಳು ಹೇಳುವುದಿಲ್ಲ. ಆದರೆ ಮುಡುಪನ್ನು ನಾವು ಖರ್ಚು ಎನ್ನುವುದಿಲ್ಲ. ಅದು ಯಾರ ಕೈಗೂ ಹೋಗಲಿಲ್ಲ, ಮನೆಯ ಹೊಸಿಲು ದಾಟಲಿಲ್ಲ. ನಾವು ತೆಗೆದಿಟ್ಟದ್ದನ್ನು ಬ್ಯಾಂಕಿನವರು ಹೋಯಿತು ಎಂದು ಬರೆದುಕೊಳ್ಳುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಮೊಮ್ಮಗಳನ್ನು ಕಳಿಸಲು ಮನಸ್ಸಿಲ್ಲದೆ ಬೇಕೆಂದೇ ಮಾಡಿದೆಯಾ ಎಂದೂ ಕೇಳಿದರು. ಕೇಳಿದ್ದು ಅವರ ಕೆಲಸ. ಮಗು ಹತ್ತು ತಿಂಗಳಿಂದ ತಾಯಿಯನ್ನು ಫೋನಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತದೆ. ಅದು ತಾಯಿಯ ಹತ್ತಿರ ಹೋಗಲಿ ಎಂದೇ ಮುಡುಪು ಕಟ್ಟಿದೆ. ಇದನ್ನು ಹಾಗೇ ಬರೆಯಬೇಕು.

ನಿನ್ನೆ, ಜುಲೈ 1, ಸಂಜೆ 4-30ಕ್ಕೆ ಮುನೇಶ್ ಪಾಸ್‌ಬುಕ್ ಬರೆಸಿಕೊಂಡು ಬಂದ. ನೂರು ರೂಪಾಯಿ ಕಡಿಮೆ. ಇಪ್ಪತ್ತೆಂಟು ದಿನ ನೀರಿಗೆ ಬಿತ್ತು. ಪಾಸ್‌ಬುಕ್ಕನ್ನು ನೆಲಕ್ಕೆ ಬಡಿದು, ಹೊರಗಿನವರಲ್ಲಿ ಕಾರ್ಡು ಮುಟ್ಟಿದವನು ಕೆಂಪ ಒಬ್ಬನೇ, ಅದರ ನಕಲು ಮಾಡಿಸಿಕೊಂಡಿದ್ದಾನೆ ಎಂದು ಕೂಗಾಡಿದ. ನಾನು ಒಲೆಯ ಮುಂದೆ ನಿಂತಿದ್ದೆ. ನಾನೇ ಕಣಪ್ಪ ಎನ್ನಲು ಎರಡು ಮಾತು ಸಾಕಿತ್ತು. ಬೆಳಿಗ್ಗೆ ಸಿಟ್ಟು ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಬೆಳಿಗ್ಗೆ 7ಕ್ಕೇ ಅವನು ಗಾಡಿ ಹತ್ತಿ ಹೋಗಿದ್ದ. ಈ ಠಾಣೆಗೆ ಬಂದಿದ್ದಾನೆಂದು ನನಗೆ ತಿಳಿದದ್ದು 12-30ಕ್ಕೆ. ಕೆಂಪರಾಜುವಿನ ತಾಯಿ ಚಿಕ್ಕಮುನಿಯಮ್ಮ ಶಾಲೆಯ ಅಡುಗೆಮನೆಗೆ ಬಂದು, “ನಿನ್ ಮಗ ನನ್ ಮಗನ್ನ ಪೊಲೀಸ್ರಿಗೆ ಹಿಡ್ಕೊಟ್ಟವ್ನೆ, ಅನ್ನ ಬಡಿಸ್ಕೊಂಡ್ ನಿಂತಿದೀಯಲ್ಲೇ” ಎಂದಳು. ಸೌಟನ್ನು ಅವಳ ಕೈಗೇ ಕೊಟ್ಟು, ಮನೆಗೆ ಓಡಿ ಗಂಟು ತೆಗೆದುಕೊಂಡು, ಆಟೋದಲ್ಲಿ ಹನ್ನೆರಡು ಕಿಲೋಮೀಟರ್ ಬಂದೆ.

ಕೆಂಪರಾಜು ಬೆಳಿಗ್ಗೆ 10ರಿಂದ ಬೆಂಚಿನ ಮೇಲೆ ಕೂತಿದ್ದ. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ಆದರೂ ತಲೆ ಎತ್ತಲಿಲ್ಲ. ನಾನೇ ತೆಗೆದದ್ದು ಎಂದು ಹೇಳಿದರೆ ಮುನೇಶ್ ನಂಬಲಿಲ್ಲ. “ಅಮ್ಮ ಅವನನ್ನ ಬಿಡಿಸೋಕ್ ಹಿಂಗ್ ಹೇಳ್ತಾವ್ಳೆ ಸಾರ್, ಚಿಕ್ಕವನಿದ್ದಾಗಿಂದ ಅವನಿಗೂ ಅನ್ನ ಹಾಕ್ದೋಳು” ಎಂದು ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಸಾಹೇಬರಿಗೆ ಹೇಳಿದ. ಎಟಿಎಂ ಕ್ಯಾಮೆರಾದ ಚಿತ್ರ ಬರಲು ಒಂದು ವಾರ ಬೇಕು, ಅಲ್ಲಿಯವರೆಗೆ ಕೆಂಪರಾಜು ಕರೆದಾಗಲೆಲ್ಲ ಬರಬೇಕಾಗುತ್ತದೆ ಎಂದು ಸಾಹೇಬರು ತಿಳಿಸಿದರು.

ಚೀಟಿ ಗಂಟಿನೊಳಗಿತ್ತು. ಕೆಲಸ ಆಗುವ ಮೊದಲು ಮುಡುಪು ಬಿಚ್ಚಿದರೆ ಆ ಕೆಲಸ ಆಗುವುದಿಲ್ಲ. ಇದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಶ್ಯಾಮಲಮ್ಮನವರಿಗೂ ಗೊತ್ತಿತ್ತು. ಬೇಡಮ್ಮ, ಒಂದು ವಾರ ಕಾಯೋಣ, ಕ್ಯಾಮೆರಾದಲ್ಲಿ ಬಂದೇ ಬರುತ್ತೆ ಎಂದು ನನ್ನ ಕೈ ಹಿಡಿದರು. ನಾನು ಒಂದು ನಿಮಿಷ ನಿಂತೆ. ಅಷ್ಟು ಹೊತ್ತೂ ಅಮೃತಳ ಮುಖವೇ ಕಣ್ಣೆದುರಿಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಆಮೇಲೆ ಮೇಜಿನ ಮೇಲೆ ಇಟ್ಟು ಬಿಚ್ಚಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಎಳೆದೆ. ನೋಟು ಒಂದು, ನಾಣ್ಯ ಒಂದು, ಚೀಟಿ ಒಂದು. ಚೀಟಿಯಲ್ಲಿ 20-06-2025, ಸಮಯ 15-42 ಎಂದಿದ್ದುದನ್ನು ಸಾಹೇಬರು ಗಟ್ಟಿಯಾಗಿ ಓದಿದರು. ಆ ದಿನ ಆ ಹೊತ್ತಿಗೆ ಕೆಂಪರಾಜು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿದ್ದನಂತೆ.

ಮುನೇಶ್ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟ. ಕೆಂಪರಾಜು ಎದ್ದು ನಿಂತು, “ಅತ್ತೆ, ನನಗೆ ಒಂದ್ ಮಾತ್ ಹೇಳಿದ್ರೆ ಇನ್ನೊಂದ್ ಸಾವಿರ ಹಾಕ್ತಿದ್ನಲ್ಲ” ಎಂದ. ನಂತರ ಮುನೇಶನ ಕಡೆ ತಿರುಗದೆ, ಐದನೇ ತಾರೀಖು ತನ್ನ ದುಡ್ಡು ತನಗೆ ಬೇಕು ಎಂದು ತಿಳಿಸಿದ. ಇನ್ನೊಂದು ತಿಂಗಳು ಬಿಡಪ್ಪ ಎಂದು ಕೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಅವನು ಬಿಟ್ಟರೆ ಮಗು ಈ ವರ್ಷವೇ ತಾಯಿಯನ್ನು ಸೇರುತ್ತಿತ್ತು. ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳಲಿ.

ನನ್ನ ಮೇಲೆ ಏನು ಕ್ರಮ ಉಂಟೋ ಕೈಗೊಳ್ಳಬಹುದು. ಹೇಳಿದ್ದೆಲ್ಲ ನಡೆದದ್ದೇ, ಕೂಡಿಸಿದ್ದಿಲ್ಲ, ಬಿಟ್ಟದ್ದಿಲ್ಲ. ಬರೆದದ್ದನ್ನು ನನಗೆ ಓದಿ ಹೇಳಿದರು. ಒಂದು ಕಡೆ ‘ಶಂಕಿತ ಕೆಂಪರಾಜು’ ಎಂದಿತ್ತು. ಅದನ್ನು ಹೊಡೆದುಹಾಕಿಸಿ ‘ನಮ್ಮ ಮಗುವಿಗೋಸ್ಕರ ಆರು ಲಕ್ಷ ಕೊಟ್ಟ ಕೆಂಪರಾಜು’ ಎಂದು ಬರೆಸಿದ ಮೇಲೆಯೇ ಸಹಿ ಹಾಕಿರುತ್ತೇನೆ.

ಸ್ಥಳ: ಚಿಂತಾಮಣಿ
ದಿನಾಂಕ: 02-07-2025, ಸಮಯ: ಸಂಜೆ 4-10
(ಸಹಿ) ಗಂಗುಲಮ್ಮ